ಶವಪೆಟ್ಟಿಗೆ ಮಾಡೋ ಅಣ್ಣನ ಅಂಗಡಿ, ಮೈಸೂರು: 5ಕ್ಕೆ 5

ಇಂಥ ಅಂಗಡಿಗೆ ಯಾರೂ ರಿವ್ಯೂ ಬರೆಯಲ್ಲ ಅಂತ ಗೊತ್ತು. ಆದ್ರೆ ಅವತ್ತು ರಾತ್ರಿ ಹನ್ನೊಂದು ಗಂಟೆಲಿ ಫೋನ್ ಹಿಡ್ಕೊಂಡು ಮೈಸೂರಲ್ಲಿ ಪೆಟ್ಟಿಗೆ ಎಲ್ಲಿ ಸಿಗುತ್ತೆ ಅಂತ ಹುಡುಕ್ತಾ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ, ಉಪಯೋಗಕ್ಕೆ ಬರೋದು ಒಂದೂ ಸಿಗ್ಲಿಲ್ಲ, ಅದಕ್ಕೇ ಬರೀತಿದೀನಿ. ಅಂಗಡಿ ಇರೋದು ಅಶೋಕ ರಸ್ತೆಯಿಂದ ಒಳಗೆ ಹೋಗೋ ಗಲ್ಲಿಲಿ. ನನ್ ಹೆಸರು ಗಿಸರು ಹಾಕ್ಬೇಡ ಕಣಮ್ಮ ಅಂದಿದಾರೆ, ಹಾಕ್ತಿಲ್ಲ. ಆ ಕಡೆ ಆಂಬುಲೆನ್ಸ್ ಡ್ರೈವರ್ ಯಾರನ್ನ ಕೇಳಿದ್ರೂ ತೋರಿಸ್ತಾರೆ.

ಅಪ್ಪಂಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಎರಡು ವರ್ಷ. ದುಡ್ಡೆಲ್ಲ ಅದಕ್ಕೇ ಹೋಗ್ತಿತ್ತು, ಭಾನುವಾರ ಆರಾಧನೆಗೆ ಹೋಗಿ ಕೂರೋ ಶಕ್ತಿನೂ ಇರ್ಲಿಲ್ಲ. ಅವರು ತೀರ್ಕೊಂಡಾಗ ನಾನು ಮೊದಲು ಫೋನ್ ಮಾಡಿದ್ದು ನಮ್ಮ ಸಭೆಗೆ, ಅಂದ್ರೆ ನಮ್ಮ ಚರ್ಚಿಗೆ. ಯಾವ ಸಭೆ ಅಂತ ಹೇಳಲ್ಲ, ಹೇಳಿ ಆಗೋದೇನೂ ಇಲ್ಲ. ಚಂದಾ ಬಾಕಿ ಇದೆ, ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡೋ ಪ್ರಭು ಭೋಜನಕ್ಕೂ ಬಂದಿಲ್ಲ, ರಿಜಿಸ್ಟರಲ್ಲಿ ಹೆಸರು ಇದೆಯೋ ತೆಗೆದಿದಾರೋ ನೋಡ್ಬೇಕು, ಸಮಾಧಿಗೆ ಜಾಗ ಬೇಕಂದ್ರೆ ಕಮಿಟಿ ಒಪ್ಪಬೇಕು ಅಂದ್ರು. ಬೆಳಿಗ್ಗೆ ಬಾಕಿ ಕಟ್ಟಿ ಲೆಟರ್ ತಗೊಳ್ಳಿ ಅಂದ್ರು. ಅಪ್ಪ ಇನ್ನೂ ವಾರ್ಡಲ್ಲೇ ಮಲಗಿದ್ರು, ಕೈ ಪೂರ್ತಿ ತಣ್ಣಗೂ ಆಗಿರ್ಲಿಲ್ಲ.

ಒಬ್ಬ ಡ್ರೈವರಣ್ಣ ಕರ್ಕೊಂಡು ಹೋಗಿ ಈ ಅಂಗಡಿ ಬಾಗಿಲು ತಟ್ಟಿದ್ರು. ಅಂಗಡಿ ಅಣ್ಣ ಅರವತ್ತು ದಾಟಿದವರು, ಲುಂಗಿ ಮೇಲೆ ಬನಿಯನ್ನಲ್ಲೇ ಇಳಿದು ಬಂದ್ರು. ಮೊದಲು ಕೇಳಿದ್ದು "ಏನಾದ್ರೂ ತಿಂದ್ಯೇನಮ್ಮ" ಅಂತ. ಆಮೇಲೆ ಅಪ್ಪ ಎಷ್ಟು ಎತ್ತರ ಅಂದ್ರು, ನಂಗೆ ಅಡಿ ಇಂಚು ಹೇಳೋಕೆ ಬರ್ಲಿಲ್ಲ, ನನ್ನ ತಲೆ ಅವರ ಭುಜಕ್ಕೆ ಬರುತ್ತೆ ಅಂದೆ ಅಷ್ಟೇ. ಅವರು ನನ್ನನ್ನ ಬಾಗಿಲು ಚೌಕಟ್ಟಿಗೆ ನೆಟ್ಟಗೆ ನಿಲ್ಲಿಸಿ, ತಲೆ ಮೇಲೆ ಅಂಗೈ ಇಟ್ಟು ಗುರುತು ಮಾಡಿ, ಟೇಪ್ ಹಿಡಿದು, ಅದಕ್ಕೆ ಇಷ್ಟು ಸೇರಿಸ್ಬೇಕು ಅಂತ ಲೆಕ್ಕ ಹಾಕಿ ಹಲಗೆ ಮೇಲೆ ಪೆನ್ಸಿಲಲ್ಲಿ ಬರ್ಕೊಂಡ್ರು. ಅಳತೆ ಒಂಚೂರೂ ತಪ್ಪಲಿಲ್ಲ.

ಪಾಲಿಶ್ ಹೊಡೆದು ಹಿತ್ತಾಳೆ ಹಿಡಿ ಹಾಕಿರೋ ದುಬಾರಿ ಪೆಟ್ಟಿಗೆನೂ ಇತ್ತು. ನಾನು ಅದನ್ನೇ ನೋಡ್ತಿದ್ದೆ, ಅಪ್ಪಂಗೆ ಕೊನೆಗಾದ್ರೂ ಒಳ್ಳೇದು ಕೊಡೋಣ ಅಂತ. "ಮಣ್ಣಿಗೆ ಹೋಗೋದಕ್ಕೆ ಸಾಲ ಮಾಡ್ಬೇಡ ಮಗಾ" ಅಂದ್ಬಿಟ್ರು. ಸಿಲ್ವರ್ ಓಕ್ ಹಲಗೆದು, ಒಳಗೆ ಬಿಳಿ ಸ್ಯಾಟಿನ್, ಅಂಚಿಗೆ ಲೇಸು, ಮೇಲೆ ಒಂದು ಶಿಲುಬೆ, 6,500 ರೂಪಾಯಿ. ಫ್ರೀಜರ್ ಬಾಕ್ಸ್, ವ್ಯಾನು ಬೇರೆ. ಫ್ರೀಜರ್ ಬಾಕ್ಸ್ ಬರೋದು ಮುಕ್ಕಾಲು ಗಂಟೆ ಲೇಟಾಯ್ತು, ಮೋಟಾರ್ ಸೌಂಡೂ ಜಾಸ್ತಿನೇ, ಇದನ್ನ ಹೇಳ್ಲೇಬೇಕು.

ಬೆಳಿಗ್ಗೆ ನಾನೂ ಅಮ್ಮನೂ ಹೋದಾಗ ಲೇಸಿಗೆ ಚಿಕ್ಕ ಚಿಕ್ಕ ಮೊಳೆ ಹೊಡೀತಾ ಕೂತಿದ್ರು. ಲೆಟರಿನ ವಿಷಯ ಅಮ್ಮ ಹೇಳ್ಕೊಂಡು ಅತ್ರು. ಅವರು ಸಭೆನ ಒಂದು ಮಾತೂ ಬಯ್ಯಲಿಲ್ಲ. ಬೈಬಲಲ್ಲಿ ಬರೋ ಅರಿಮಥಾಯ ಊರಿನ ಯೋಸೇಫನ ಕತೆ ತೆಗೆದ್ರು. ಅವನು ಯೆಹೂದ್ಯರ ಹಿರಿಸಭೆಲಿ ಕೂರೋ ದೊಡ್ಡ ಮನುಷ್ಯ, ಹೊತ್ತು ಮುಳುಗಿದ್ರೆ ಸಬ್ಬತ್ತು, ಅಂದ್ರೆ ಕೆಲಸ ಮಾಡಬಾರದ ವಿಶ್ರಾಂತಿ ದಿನ, ಅದೂ ಪಸ್ಕ ಹಬ್ಬದ ಸಮಯ. ಹೆಣ ಮುಟ್ಟಿದ್ರೆ ಏಳು ದಿನ ಮೈಲಿಗೆ ಅಂತ ಬೈಬಲಿನ ಅರಣ್ಯಕಾಂಡ 19ನೇ ಅಧ್ಯಾಯದಲ್ಲೇ ಇದೆ. ಆದ್ರೂ ರೋಮನ್ ಅಧಿಪತಿ ಪಿಲಾತನ ಹತ್ರ ಹೋಗಿ ಶಿಲುಬೆಲಿ ಸತ್ತ ಯೇಸುವಿನ ದೇಹ ಕೇಳಿ ಇಸ್ಕೊಂಡು, ಹೊಸ ನಾರುಬಟ್ಟೆ ತಂದು ಸುತ್ತಿ, ತನಗೆ ಅಂತ ಕೊರೆಸಿಟ್ಟಿದ್ದ ಸಮಾಧಿನೇ ಕೊಟ್ಟ. "ಮರಕ್ಕೆ ತೂಗುಹಾಕಿದೋನನ್ನ ಅವತ್ತೇ ಮಣ್ಣು ಮಾಡ್ಬೇಕು ಅಂತಾನೂ ಧರ್ಮಶಾಸ್ತ್ರದಲ್ಲಿದೆ ಅಕ್ಕ, ಅವನು ಆ ಮಾತು ಹಿಡ್ಕೊಂಡ, ಮೈಲಿಗೆ ತನ್ನ ಮೇಲೆ ಹಾಕ್ಕೊಂಡ" ಅಂದು ಮತ್ತೆ ಮೊಳೆ ಹೊಡೆಯೋಕೆ ಶುರು ಮಾಡಿದ್ರು.

ಚಿಕ್ಕಂದಿನಿಂದ ಎಷ್ಟು ಸಂಡೇ ಸ್ಕೂಲು, ಎಷ್ಟು ಪ್ರಸಂಗ, ಶುಭ ಶುಕ್ರವಾರ ಪ್ರತಿ ವರ್ಷ ಮೂರು ಗಂಟೆ ಕೂತು ಕೇಳಿದೀನಿ, ಯೋಸೇಫನ ಕೈ ಆ ದೇಹಕ್ಕೆ ತಾಗಿದ್ದರ ಬಗ್ಗೆ ನಾನು ಯೋಚನೆನೇ ಮಾಡಿರ್ಲಿಲ್ಲ. ನಂಗೆ ಕಲಿಸಿದ್ದೆಲ್ಲ ಏನು ಮುಟ್ಟಬಾರದು ಅನ್ನೋದೇ. ಹೂ ಮುಡಿಬಾರದು, ಪ್ರಸಾದ ತಗೋಬಾರದು, ದಸರಾ ಮೆರವಣಿಗೆ ನೋಡೋಕೂ ಹೋಗ್ಬಾರದು. ನಿಯಮನೇ ಬೇಡ ಅಂತ ನಾನು ಹೇಳ್ತಿಲ್ಲ, ಅಪ್ಪ ಕೈಲಾಗೋವರೆಗೂ ದಶಮಾಂಶ ಕೊಟ್ಟೋರು. ಆದ್ರೆ ಮರುಗ, ಸೋಪು, ಜೀರಿಗೆಲೂ ಹತ್ತರಲ್ಲೊಂದು ಎಣಿಸಿ ಕೊಟ್ಟು ನ್ಯಾಯ ಕರುಣೆ ನಂಬಿಕೆ ಬಿಟ್ಬಿಟ್ರಿ ಅಂತ ಯೇಸು ನಿಯಮ ಚಾಚೂ ತಪ್ಪದ ಫರಿಸಾಯರಿಗೆ ಹೇಳಿದ್ದು ಮತ್ತಾಯ 23ರಲ್ಲಿದೆ, ಅವರೂ ದೇವರ ಮನೆಗೆ ತಪ್ಪದೆ ಹೋಗೋರೇ ಅಲ್ವಾ.

ಅದೇ ಅಣ್ಣ ಬೇರೆ ಸಭೆಯ ಅಯ್ನೋರ, ಅಂದ್ರೆ ಪಾದ್ರಿಗಳ ಜೊತೆ ಮಾತಾಡಿ ಜಾಗಕ್ಕೂ ವ್ಯವಸ್ಥೆ ಮಾಡಿದ್ರು. ಅಯ್ನೋರು ಸ್ಕೂಟರಲ್ಲಿ ಬಂದು ಪ್ರಾರ್ಥನೆ ಮಾಡಿದ್ರು, ಯಾವ ಲೆಟರೂ ಕೇಳ್ಲಿಲ್ಲ.

ಸಮಾಧಿ ಹತ್ರ ಆದದ್ದು ಹೇಳ್ತೀನಿ. ನಮ್ಮಪ್ಪ ಮದ್ದೂರು ಕಡೆಯವರು, ಮದುವೆ ಆದ್ಮೇಲೆ ದೀಕ್ಷಾಸ್ನಾನ ತಗೊಂಡೋರು, ಅವರ ಕಡೆ ಎಲ್ಲಾ ಹಿಂದೂಗಳೇ. ಸೋದರತ್ತೆ ಬಸ್ಸು ತಪ್ಪಿ ಬರೋ ಹೊತ್ತಿಗೆ ಪೆಟ್ಟಿಗೆ ಮುಚ್ಚಿ ಸ್ಕ್ರೂ ಹಾಕಾಗಿತ್ತು. ಸೆರಗಲ್ಲಿ ಚಿಗುರೆಲೆ, ಅಡಿಕೆ ಕಟ್ಕೊಂಡು ಬಂದಿದ್ರು, ಅಪ್ಪಂಗೆ ಊಟ ಆದ್ಮೇಲೆ ಎಲೆ ಇಲ್ದೆ ಆಗ್ತಿರ್ಲಿಲ್ಲ. ನಮ್ಮ ಹಳೇ ಸಭೆಯಿಂದ ಬಂದಿದ್ದ ಒಬ್ಬ ಹಿರಿಯರು ಅನ್ಯರ ಆಚಾರ ಎಲ್ಲ ಬೇಡಮ್ಮ ಅಂದ್ರು. ಅತ್ತೆ ಅಲ್ಲೇ ನಿಂತ್ಬಿಟ್ರು, ಕೈ ಸೆರಗಿನ ಗಂಟಲ್ಲೇ ಇತ್ತು. ಅಣ್ಣ ಜೇಬಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿ ಊರಿ ಕೂತು, ನಿಧಾನಕ್ಕೆ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿ ಹಿಡಿದ್ರು. "ಬನ್ನಿ ತಾಯಿ" ಅಂದ್ರು. ಅತ್ತೆ ಎಲೆ ಮಡಚಿ ಅಪ್ಪನ ಶರ್ಟಿನ ಜೇಬಲ್ಲಿಟ್ಟು, ಜೇಬನ್ನ ಎರಡು ಸಲ ಒತ್ತಿದ್ರು. ಅಣ್ಣ ಮತ್ತೆ ಸ್ಕ್ರೂ ಹಾಕಿದ್ರು.

ಇದೇ ಊರಲ್ಲಿ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು. ವಾಪಸ್ ಬರ್ತಾ ವ್ಯಾನಿಂದ ಆ ಜೋಡಿ ಗೋಪುರ ಕಂಡಾಗ ಇದು ನೆನಪಾಯ್ತು, ಅತ್ತೆಗೆ ಹೇಳ್ದೆ, ಅವರು ಕೈ ಮುಗಿದ್ರು.

ದುಡ್ಡು ಅವತ್ತು ಇಸ್ಕೊಳ್ಳಲಿಲ್ಲ. ಎಂಟನೇ ದಿನ ಹೋಗಿ ಕೊಟ್ವಿ. ಪೆಟ್ಟಿಗೆಯ ಒಂದು ಹಿಡಿ ಇನ್ನೊಂದಕ್ಕೆ ಜೋಡಿ ಹೊಂದಿರ್ಲಿಲ್ಲ ಅಂತ ತಾವೇ ಹೇಳಿ 150 ರೂಪಾಯಿ ವಾಪಸ್ ಕೊಟ್ರು, ನಮಗೆ ಅದು ಕಂಡೇ ಇರ್ಲಿಲ್ಲ. ಬಿಲ್ ಬೇಕಂದ್ರೆ ಚೀಟಿಲಿ ಬರ್ದು ಕೊಡ್ತಾರೆ, ಯುಪಿಐ ಇಲ್ಲ, ಕ್ಯಾಶ್ ಇಟ್ಕೊಂಡು ಹೋಗಿ.

ರಾತ್ರಿ ಹೊತ್ತು ಷಟರ್ ಹಾಕಿದ್ರೂ ಮನೆ ಮೇಲೇನೇ ಇರೋದು. ಪಕ್ಕದ ಹಸಿರು ಬಾಗಿಲನ್ನ ಜೋರಾಗಿ ತಟ್ಟಿ, ಅವರಿಗೆ ಒಂದು ಕಿವಿ ಮಂದ.