ಸಿಂಟರಿಂಗ್ ಮಾದರಿಗೆ ಯಾವುದು: ಫೈನೈಟ್ ಎಲಿಮೆಂಟೋ, ಡಿಸ್ಕ್ರೀಟ್ ಎಲಿಮೆಂಟೋ?

ಸಿಂಟರಿಂಗ್ ಎಂದರೆ ಒತ್ತಿದ ಪುಡಿಯನ್ನು ಪೂರ್ತಿ ಕರಗಿಸದೆ ಬಿಸಿ ಮಾಡಿ, ಕಣಗಳನ್ನು ಬೆಸೆದು ಗಟ್ಟಿಯಾಗಿಸುವುದು. ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ ಕುಲುಮೆಯಲ್ಲಿ ಏಕೆ ಬಾಗಿತು, ಏಕೆ ಬಿರುಕು ಬಿಟ್ಟಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಫೈನೈಟ್ ಎಲಿಮೆಂಟ್ ವಿಧಾನವನ್ನೇ ಹಿಡಿಯಿರಿ. ಬಿಲ್ಲೆಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಈ ವಿಧಾನ ಪುಡಿಯನ್ನು ರಂಧ್ರಗಳುಳ್ಳ, ನಿಧಾನವಾಗಿ ಹರಿಯುವ ಅಖಂಡ ವಸ್ತುವೆಂದು ಪರಿಗಣಿಸುತ್ತದೆ. ಸ್ಕೊರೊಖೋದ್–ಒಲೆವ್ಸ್ಕಿ ಮಾದರಿ ಇದೇ ದಾರಿಯದು. ಸಾಪೇಕ್ಷ ಸಾಂದ್ರತೆ (ರಂಧ್ರವಿಲ್ಲದ ಗಟ್ಟಿ ವಸ್ತುವಿನ ಸಾಂದ್ರತೆಗೆ ಹೋಲಿಸಿದ ಪ್ರಮಾಣ) ಶೇ 60ರಿಂದ ಶೇ 98ಕ್ಕೆ ಏರುವಾಗ ಬಿಲ್ಲೆಯ ಪ್ರತಿ ಅಳತೆಯೂ ಸುಮಾರು ಶೇ 15ರಷ್ಟು ಕುಗ್ಗುತ್ತದೆ. ಬೇಗ ಬಿಸಿಯಾದ ಅಂಚು ಮೊದಲೇ ಕುಗ್ಗಲು ಹೊರಟರೆ ಇನ್ನೂ ತಣ್ಣಗಿರುವ ನಡುಭಾಗ ಅದನ್ನು ತಡೆಯುತ್ತದೆ. ಅಂಚಿನಲ್ಲಿ ಎಳೆತದ ಒತ್ತಡ ಹುಟ್ಟುತ್ತದೆ. ಉಷ್ಣ ಮತ್ತು ಒತ್ತಡದ ಈ ಜಗ್ಗಾಟವನ್ನು ಇಡೀ ಬಿಲ್ಲೆಯ ಮಟ್ಟದಲ್ಲಿ ತೋರಿಸುವ ಶಕ್ತಿ ಈ ವಿಧಾನಕ್ಕಿದೆ.

ಆದರೆ ಕೊಟ್ಟ ದತ್ತಾಂಶ ಎಷ್ಟು ಸರಿಯೋ ಉತ್ತರವೂ ಅಷ್ಟೇ ಸರಿ. ಗಟ್ಟಿ ವಸ್ತುವಿನ ಉಷ್ಣವಾಹಕತೆಯನ್ನು ಕೈಪಿಡಿಯಿಂದ ಎತ್ತಿ ಹಾಗೆಯೇ ಪುಡಿಗೆ ಹಾಕುವುದು ದೊಡ್ಡ ತಪ್ಪು. ರಂಧ್ರಗಳಿರುವಾಗ ಅದು ಬಹಳ ಕಡಿಮೆ. ಸಾಂದ್ರತೆಯೊಂದಿಗೆ ಅದು ಬದಲಾಗಲೇಬೇಕು. ಇಲ್ಲದಿದ್ದರೆ ಒಳಗಿನ ತಾಪ ವ್ಯತ್ಯಾಸ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಡಿಸ್ಕ್ರೀಟ್ ಎಲಿಮೆಂಟ್ ವಿಧಾನದಲ್ಲಿ ಪ್ರತಿ ಕಣವೂ ಬೇರೆ. ಕಣಗಳ ನಡುವೆ ಕತ್ತು (ಅವನ್ನು ಬೆಸೆಯುವ ಸೇತುವೆ) ಬೆಳೆಯುವುದು, ಕಣಗಳು ಜರುಗಿ ಮರುಜೋಡಣೆಯಾಗುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ನಿಜವಾದ ಬಿಲ್ಲೆಯಲ್ಲಿರುವಷ್ಟು ಕಣಗಳನ್ನು ಲೆಕ್ಕ ಹಾಕುವುದು ಕಂಪ್ಯೂಟರಿಗೆ ಭಾರ. ಸಣ್ಣ ತುಣುಕಿಗಷ್ಟೇ ಬಳಸಿ, ಅಲ್ಲಿ ಸಿಕ್ಕ ಸ್ನಿಗ್ಧತೆಯನ್ನು (ಹರಿಯಲು ವಸ್ತು ಒಡ್ಡುವ ತಡೆಯನ್ನು) ಫೈನೈಟ್ ಎಲಿಮೆಂಟ್ ಮಾದರಿಗೆ ಕೊಡುವುದು ನನಗೆ ಮೆಚ್ಚುಗೆಯಾದ ಬಳಕೆ.