ಮಡಚುವ ಪೋಕರ್ ಹಲಗೆ: ಕೊಳ್ಳುವ ಮೊದಲು ಎಲ್ಲಿ ಕೂರುತ್ತೀರಿ ಅಂತ ಯೋಚಿಸಿ

ಪೆರ್ಲದ ನಮ್ಮ ಮನೆ ಚಾವಡಿಗೆ ಈ ಹಲಗೆ ಬಂದು ಒಂದು ಮಳೆಗಾಲ ಕಳೆಯಿತು. ಊಟದ ಮೇಜಿನ ಮೇಲೆ ಬಿಡಿಸಿಡುವ, ಆಟ ಮುಗಿದ ಮೇಲೆ ಮಡಚಿ ಚೀಲಕ್ಕೆ ತುಂಬುವ, ಪೋಕರ್ ಎಂಬ ಇಸ್ಪೀಟಾಟದ ಹಲಗೆ. ಮೊಟ್ಟೆಯಾಕಾರ, ಹಸಿರು ಬಟ್ಟೆ, ಅಂಚಿಗೆ ಮೆತ್ತೆ, ಹತ್ತು ಜನಕ್ಕೆ ಹತ್ತು ಲೋಟದ ಗುಳಿ. ಎಂಟು ಸಾವಿರ ಚಿಲ್ಲರೆ ಕೊಟ್ಟೆ. ಬೈಯುವುದೂ ಇದೆ, ಹಾಗಾಗಿ ಕಂಪನಿ ಹೆಸರು ಬೇಡ.

ನಾವು ಏಳು ಮಂದಿ, ಶನಿವಾರ ರಾತ್ರಿ. ದುಡ್ಡಿನ ಆಟ ಅಲ್ಲ. ಕೊನೆಗೆ ಯಾರ ಹತ್ತಿರ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆ, ಕಡಿಮೆಯೋ ಅವರು ಮುಂದಿನ ವಾರ ಹಲಸಿನ ಹಪ್ಪಳ ತರಬೇಕು, ಅಷ್ಟೇ.

ಎಲ್ಲರೂ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬೆಳೆದವರು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು. ಅಲ್ಲಿ ಜೊತೆಗಾರ ಎದುರಿಗೇ ಕೂರುತ್ತಾನೆ, ಸರದಿ ಬಲಕ್ಕೆ ಹೋಗುತ್ತದೆ. ಪೋಕರಿನಲ್ಲಿ ಜೊತೆಗಾರನೇ ಇಲ್ಲ, ಸರದಿಯೂ ಎಡಕ್ಕೆ. ಮೊದಲ ವಾರಗಳಲ್ಲಿ ನನ್ನ ಕಣ್ಣು ಸುಮ್ನೆ ಎದುರಿನವನ ಮೇಲೇ ಇರುತ್ತಿತ್ತು. ಎಡಗಡೆ ಕೂತ ಭಾವ ಹಪ್ಪಳ ತಿನ್ನುತ್ತಾ ನನ್ನ ಚಿಪ್ಸೆಲ್ಲ ಬಾಚಿಕೊಂಡ. "ಎಂತ ಮಾರಾಯ, ನನ್ನನ್ನು ನೋಡುವುದೇ ಇಲ್ಲವಾ?" ಅಂತ ಅವನೇ ಕೇಳಿದ.

ಸರಿಯಾಗಿಯೇ ಕೇಳಿದ. ಬಲಗಡೆಯವರು ಹೆಚ್ಚಾಗಿ ನನಗಿಂತ ಮೊದಲು ಆಡುತ್ತಾರೆ. ಅವರ ಮನಸ್ಸಿನಲ್ಲಿ ಏನಿದೆ ಅಂತ ಅವರು ಇಟ್ಟ ಚಿಪ್ಸೇ ಅರ್ಧ ಹೇಳುತ್ತದೆ. ಎಡಗಡೆಯವರು ಇನ್ನೂ ಆಡಿಲ್ಲ, ಅವರನ್ನು ಕೈ ನೋಡಿಯೇ ತಿಳಿಯಬೇಕು. ಎರಡು ಎಲೆ ಎತ್ತಿ ನೋಡಿದ ಕೂಡಲೇ ಎಸೆಯುವ ಹಾಗೆ ಹಿಡಿದಿದ್ದಾನಾ? ಹಾಗಿದ್ದರೆ ಅವನು ಆ ಆಟ ಬಿಡುತ್ತಾನೆ, ನಾನು ಧೈರ್ಯವಾಗಿ ಪಣ ಏರಿಸಬಹುದು. ಚಿಪ್ಸ್ ಕಡೆ ಕಣ್ಣು ಹೋಯಿತಾ? ಹಾಗಿದ್ದರೆ ಜಾಗ್ರತೆ. ಇದಕ್ಕೆ ನನ್ನ ಎಲೆಯನ್ನು ನಾನು ತಡವಾಗಿ ನೋಡಬೇಕು. ಮೇಜಿನ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಮೂರು ಎಲೆ ಬಿದ್ದಾಗಲೂ ಅಷ್ಟೇ. ಎಲೆ ಎಲ್ಲಿಗೂ ಓಡುವುದಿಲ್ಲ, ಮುಖ ಮಾತ್ರ ಅರೆಗಳಿಗೆಯಲ್ಲಿ ಬದಲಾಗುತ್ತದೆ.

ಈ ಹಲಗೆಯ ಗುಣ ದೋಷ ಎರಡೂ ಇಲ್ಲೇ ಇದೆ. ಉದ್ದದ ಬದಿಯಲ್ಲಿ ಕೂತರೆ ಎದುರು ಸಾಲಿನವರು ಚೆನ್ನಾಗಿ ಕಾಣುತ್ತಾರೆ. ನನ್ನದೇ ಸಾಲಿನವರು ಬಗ್ಗಿ ನೋಡಿದರೆ ಮಾತ್ರ ಕಾಣುತ್ತಾರೆ, ಬಗ್ಗಿದರೆ ನೋಡುತ್ತಿದ್ದೇನೆ ಅಂತ ಅವರಿಗೂ ಗೊತ್ತಾಗುತ್ತದೆ. ಎಲೆ ಹಂಚುವುದು ನನ್ನ ಮಗಳು, ಅವಳು ಒಂದು ಉದ್ದದ ಬದಿಯ ನಡುವೆ ಕೂರುತ್ತಾಳೆ. ಅವಳ ಎಡಕ್ಕೂ ಬಲಕ್ಕೂ ಇರುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದೇ ಇಲ್ಲ. ಎರಡು ತುದಿಗಳು ಒಳ್ಳೆಯ ಜಾಗ. ಅಲ್ಲಿ ಕುತ್ತಿಗೆ ತಿರುಗಿಸದೆ ಇಡೀ ಮೇಜು ಕಾಣುತ್ತದೆ. ಈಗ ಆ ತುದಿಗೆ ಜಗಳ ಜಾಸ್ತಿಯಾಗಿ, ಆಟಕ್ಕೆ ಮೊದಲು ತಲಾ ಒಂದು ಎಲೆ ಎಳೆದು ಜಾಗ ಹಂಚುತ್ತೇವೆ. ಸರದಿ ಎಲ್ಲಿಂದ ಶುರು ಅಂತ ತೋರಿಸುವ ಬಿಲ್ಲೆ, ಡೀಲರ್ ಬಟನ್, ಪ್ರತಿ ಆಟಕ್ಕೂ ಎಡಕ್ಕೆ ಸರಿಯುತ್ತದೆ, ಕುರ್ಚಿ ಸರಿಯುವುದಿಲ್ಲ. ಎಲ್ಲಿ ಬಿದ್ದೆವೋ ರಾತ್ರಿಯಿಡೀ ಅದೇ ನೆರೆಕರೆ. ನನಗೆ ಆಯ್ಕೆ ಕೊಟ್ಟರೆ ಸದಾ ಏರಿಸುವ ಮೇಷ್ಟ್ರು ನನ್ನ ಬಲಕ್ಕೇ ಇರಲಿ, ಅವರ ಗದ್ದಲ ಮುಗಿದ ಮೇಲೆ ನಾನು ಯೋಚಿಸುತ್ತೇನೆ.

ಇನ್ನು ಬೈಗುಳ. ಮಡಚುವ ಗೆರೆಯಲ್ಲಿ ಬಟ್ಟೆ ಉಬ್ಬಿದೆ, ಎಲೆ ಜಾರಿಸಿದರೆ ಅಲ್ಲಿ ತಡೆದು ಮಗುಚುತ್ತದೆ. ಲೋಟದ ಗುಳಿಗೆ ನಮ್ಮ ಮನೆಯ ಸ್ಟೀಲ್ ಲೋಟ ಇಳಿಯುವುದಿಲ್ಲ. ಆಟಿ ತಿಂಗಳಲ್ಲಿ ಚೀಲದೊಳಗೇ ಬೂಷ್ಟು ಹಿಡಿಯಿತು, ಬಚ್ಚಲ ಒಲೆಯ ಹತ್ತಿರ ಒರಗಿಸಿ ಒಣಗಿಸಿದೆ. ಮಾರಿದವರಿಗೆ ಫೋಟೋ ಕಳಿಸಿದರೆ "ತಂಪಾದ ಒಣ ಜಾಗದಲ್ಲಿ ಇಡಿ" ಅಂದರು. ಜುಲೈಯಲ್ಲಿ ಪೆರ್ಲದಲ್ಲಿ ಅಂಥ ಜಾಗ ಎಲ್ಲಿದೆ ಅಂತ ಅವರೇ ಬಂದು ತೋರಿಸಲಿ.

ಐದಕ್ಕೆ ಮೂರು ಸ್ಟಾರ್. ಒಂಬತ್ತು ಹತ್ತು ಜನ ಸೇರುವ ಮನೆಗೆ ಇದೇ ಸರಿ. ಆರೇಳು ಜನ ಇದ್ದರೆ ಎಂಟು ಮೂಲೆಯದನ್ನು ತಗೊಳ್ಳಿ, ಅದರಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಭಾವನಿಗೆ ಮಾತ್ರ ಅದು ಬೇಡವಂತೆ. ಒಳ್ಳೆಯ ಎಲೆ ಬಂದಾಗ ಅವನ ಕೈ ನಡುಗುತ್ತದೆ, ಮಗಳ ಮರೆಯಲ್ಲಿ ಕೂತರೆ ಒಬ್ಬರಿಗಾದರೂ ಕಾಣುವುದಿಲ್ಲ ಅಲ್ವಾ.