ಹಸೆ ಚಿತ್ತಾರಕ್ಕೆ ಫ್ರೇಮ್ ಹಾಕಿಸುವವರು ಗಮನಿಸಿ: ಗಾಜು ತಾಗಿದರೆ ಚಿತ್ತಾರ ಉಳಿಯುವುದಿಲ್ಲ

ಯುಗಾದಿ ಹೊತ್ತಿಗೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ಫ್ರೇಮ್ ಹಾಕಿಸಿದ ಹಸೆ ಚಿತ್ತಾರ, ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಹಾಳಾಗಿದೆ. 12×18 ಇಂಚಿನ ಕಾಗದ, ಕೆಮ್ಮಣ್ಣಿನ ನೆಲ, ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ. ಬಿಚ್ಚಿ ನೋಡಿದರೆ ಕಾಗದ ಅಲೆಅಲೆಯಾಗಿ ಉಬ್ಬಿದೆ, ಕೆಳಮೂಲೆಯಲ್ಲಿ ಬೂಷ್ಟು ಹಿಡಿದಿದೆ, ಗಾಜು ಎತ್ತಿದ ಕಡೆಯೆಲ್ಲ ಬಿಳಿ ಎಳೆ ಗಾಜಿನ ಜೊತೆಗೇ ಕಿತ್ತು ಬಂದಿದೆ. ಸುತ್ತಲಿನ ಅಂಚಿನ ಚಿತ್ತಾರ ಕಾಲಿಂಚಿನಷ್ಟು ಚಿನ್ನದ ಬಣ್ಣದ ಫೈಬರ್ ಪಟ್ಟಿಯ ಅಡಿಗೆ ಹೋಗಿದೆ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಿಂದ ಒಂದೊಂದೇ ಎಳೆದ ಗೆರೆಗಳಿವು. ದುಡ್ಡು ವಾಪಸ್ ಸಿಕ್ಕರೂ ಅವು ವಾಪಸ್ ಬರುವುದಿಲ್ಲ.

ಅಂಗಡಿಯವರು ಮಾಡಿದ್ದು ಅಚ್ಚಾದ ದೇವರ ಪಟಕ್ಕೆ ಮಾಡುವ ಕೆಲಸವನ್ನೇ. ಕಾಗದವನ್ನು ಮರದ ಬಿಳಿ ಅಂಟಿನಿಂದ ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿ, ಮೇಲೆ ನೇರವಾಗಿ ಗಾಜು ಕೂರಿಸಿ, ಹಿಂದೆ ಪ್ಯಾಕಿಂಗ್ ಟೇಪ್ ಸುತ್ತಿದ್ದಾರೆ. ಅಚ್ಚಿನ ಪಟಕ್ಕೆ ಇದು ನಡೆದೀತು. ಅಕ್ಕಿ ಹಿಟ್ಟಿನ ಬಣ್ಣ ಕಾಗದದೊಳಗೆ ಇಳಿಯುವುದಿಲ್ಲ, ಮೇಲೆ ದಪ್ಪಗೆ ಕೂತಿರುತ್ತದೆ. ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಗಾಜು ತಣ್ಣಗಾಗಿ ಒಳಮೈಗೆ ನೀರಿನ ಪಸೆ ಕಟ್ಟುತ್ತದೆ. ಪಸೆ ತಾಗಿದ ಹಿಟ್ಟು ಮೆತ್ತಗಾಗಿ ಗಾಜಿಗೆ ಹಿಡಿದು, ಅಲ್ಲೇ ಒಣಗುತ್ತದೆ. ಹಿಟ್ಟು ಬೂಷ್ಟಿಗೂ ಸಿಲ್ವರ್‌ಫಿಶ್ ಹುಳಕ್ಕೂ ಆಹಾರ ಬೇರೆ. ಇನ್ನು ಕಾಗದ ತೇವಕ್ಕೆ ಹಿಗ್ಗುತ್ತದೆ; ಪೂರ್ತಿ ಅಂಟಿಸಿದ್ದರೆ ಹಿಗ್ಗಲು ಜಾಗವಿಲ್ಲದೆ ಉಬ್ಬುತ್ತದೆ. ಹಾರ್ಡ್‌ಬೋರ್ಡಿನ ಆಮ್ಲ ವರ್ಷಗಳ ಮೇಲೆ ಕಾಗದವನ್ನು ಕಂದು ಮಾಡುವುದು ಬೇರೆಯೇ ಕಥೆ.

ಹಾಗಾದರೆ ಏನು ಹೇಳಿ ಮಾಡಿಸಬೇಕು? ಹಸೆ ಚಿತ್ತಾರದಲ್ಲಿ ಅಂಚೇ ಅರ್ಧ ಚಿತ್ರ. ಅದಕ್ಕೆ ಅದರದೇ ಚೌಕಟ್ಟು ಇರುವಾಗ ಮೇಲೊಂದು ಕೆತ್ತನೆಯ, ಹೊಳೆಯುವ ಪಟ್ಟಿ ಹಾಕಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಮುಕ್ಕಾಲು ಇಂಚಿನ ಸಾದಾ ಸಾಗುವಾನಿ ಪಟ್ಟಿ ಸಾಕು, ಪಾಲಿಶ್ ಹೊಳಪಿಲ್ಲದ್ದಿರಲಿ. ಮೌಂಟ್ ಬೋರ್ಡ್ (ಕಿಂಡಿ ಕೊರೆದು ಚಿತ್ರದ ಸುತ್ತ ಹಾಕುವ ದಪ್ಪ ರಟ್ಟು) ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ್ದು, ಎಂದು ಕೇಳಿಯೇ ತೆಗೆದುಕೊಳ್ಳಿ, ಬಣ್ಣ ಮಾಸಲು ಬಿಳಿ. ಅಚ್ಚ ಬಿಳಿ ಹಾಕಿದರೆ ಅಕ್ಕಿ ಹಿಟ್ಟಿನ ಎಳೆ ಮಂಕಾಗಿ ಕಾಣುತ್ತದೆ, ಕೆಂಪು ಹಾಕಿದರೆ ಕೆಮ್ಮಣ್ಣು ಸತ್ತುಹೋಗುತ್ತದೆ.

ಮೌಂಟಿನ ಕಿಂಡಿ ಚಿತ್ರಕ್ಕಿಂತ ಸುತ್ತಲೂ ಅರ್ಧ ಇಂಚು ದೊಡ್ಡದಿರಬೇಕು. ಆಗ ಕಾಗದದ ನಾಲ್ಕೂ ಅಂಚು ಬಿಡುವಾಗಿ ಕಾಣುತ್ತದೆ. 12×18ರ ಚಿತ್ರಕ್ಕೆ ಕಿಂಡಿ 13×19. ಮೇಲೆ ಮತ್ತು ಪಕ್ಕಗಳಲ್ಲಿ ಎರಡೂವರೆ ಇಂಚು, ಕೆಳಗೆ ಮೂರು ಇಂಚು ಮೌಂಟ್ ಬಿಟ್ಟರೆ ಗಾಜಿನ ಅಳತೆ 18×24.5 ಇಂಚು. ಫ್ರೇಮಿನ ಒಳಕಚ್ಚು (ಗಾಜು, ಬೋರ್ಡು ಕೂರುವ ಹಿಂಬದಿಯ ತೋಡು) ಇದಕ್ಕಿಂತ 3 ಮಿ.ಮೀ. ಹೆಚ್ಚಿರಲಿ, ಮಳೆಗಾಲದಲ್ಲಿ ಮರ, ಬೋರ್ಡು ಎರಡೂ ಹಿಗ್ಗುತ್ತವೆ.

ಮುಖ್ಯವಾದದ್ದು ಆಳ. ಗಾಜು 2 ಮಿ.ಮೀ., ಮೌಂಟ್ 1.5, ಅದರ ಅಡಿಯಲ್ಲಿ ಕಣ್ಣಿಗೆ ಕಾಣದಂತೆ 5 ಮಿ.ಮೀ. ಫೋಮ್ ಬೋರ್ಡಿನ ಪಟ್ಟಿ, ಚಿತ್ರ ಕೂರುವ ತಳದ ಬೋರ್ಡ್ 1.5, ಹಿಂದೆ 4 ಮಿ.ಮೀ. ಪೊಳ್ಳು ಪಿಪಿ (ಪ್ಲಾಸ್ಟಿಕ್) ಶೀಟ್. ಒಟ್ಟು 14 ಮಿ.ಮೀ. ಕಚ್ಚಿನ ಆಳ ಇಷ್ಟಿಲ್ಲದ ಪಟ್ಟಿ ಆರಿಸಿಕೊಂಡರೆ ಅಂಗಡಿಯವರು ಮೊದಲು ಕೈಬಿಡುವುದು ಆ ಫೋಮ್ ಪಟ್ಟಿಯನ್ನೇ. ಮೌಂಟಿನ ಜೊತೆ ಸೇರಿ ಗಾಜಿಗೂ ಚಿತ್ರಕ್ಕೂ ನಡುವೆ ಆರೂವರೆ ಮಿ.ಮೀ. ಬಿಡುವು ಕೊಡುವುದು ಅದೇ. ಆದ್ದರಿಂದ ಪಟ್ಟಿ ಆರಿಸುವಾಗಲೇ ಸ್ಕೇಲ್ ಇಟ್ಟು ಅಳೆಯಿರಿ.

ಚಿತ್ರವನ್ನು ತಳಕ್ಕೆ ಹಿಡಿಸಲು ತೆಳು ಕೈಕಾಗದದ ಎರಡು ತುಂಡು ಸಾಕು, ಎರಡೂ ಮೇಲಂಚಿನ ಹಿಂಬದಿಗೆ. ಗಟ್ಟಿಯಾಗಿ ಕುದಿಸಿದ ಗೋಧಿ ಗಂಜಿ ಸ್ವಲ್ಪವೇ ಸವರಿ. ಕೆಳಗೆ, ಪಕ್ಕಕ್ಕೆ ಏನೂ ಅಂಟಿಸಬಾರದು. ಸೆಲ್ಲೋ ಟೇಪ್, ಡಬಲ್ ಟೇಪ್ ಬೇಡವೇ ಬೇಡ.

ಒಡೆಯುವುದಿಲ್ಲ ಎಂದು ಅಕ್ರಿಲಿಕ್ ಹಾಕಲು ಹೇಳಿದರೆ ಒಪ್ಪಬೇಡಿ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಸಡಿಲವಾದ ಹಿಟ್ಟನ್ನು ಎಳೆದುಕೊಳ್ಳುತ್ತದೆ. ಮಂಜುಮಂಜಾದ ನಾನ್-ಗ್ಲೇರ್ ಗಾಜು ಸಹ ಇಲ್ಲಿಗೆ ಹೊಂದುವುದಿಲ್ಲ. ಆ ಗಾಜು ಚಿತ್ರದಿಂದ ದೂರ ಕೂತಷ್ಟೂ ಗೆರೆ ಮಸುಕಾಗಿ ಕಾಣುತ್ತದೆ.

ಮನೆಯಲ್ಲಿ ಮಳೆ ಬಡಿಯುವ ಹೊರಗೋಡೆಗೆ, ಅದರಲ್ಲೂ ಜಂಬಿಟ್ಟಿಗೆ ಗೋಡೆಗೆ, ತೂಗುಹಾಕಬೇಡಿ. ಒಳಗೋಡೆಯೇ ಆದರೂ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ 6 ಮಿ.ಮೀ. ರಬ್ಬರ್ ಗುಂಡಿ ಅಂಟಿಸಿ, ಗಾಳಿಯಾಡಲಿ. ನೇರ ಬಿಸಿಲು ಬೀಳುವ ಜಾಗವೂ ಬೇಡ, ಚಿತ್ತಾರಕ್ಕೆ ಬಳಸುವ ಗುರಿಗೆ ಕಾಯಿಯ ಹಳದಿ ಬಣ್ಣ ಬಾಡುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನಿಶ್ಚಿಂತರಾಗುವವರಿದ್ದಾರೆ. ಒಮ್ಮೆ ತೇವ ತುಂಬಿದ ಮೇಲೆ ಅದರಿಂದ ಏನೂ ಉಪಯೋಗವಿಲ್ಲ.

ಈಗಾಗಲೇ ಗಾಜಿಗೆ ಹಿಡಿದಿದ್ದರೆ ಕೀಳಲು ಹೋಗಬೇಡಿ. ಒದ್ದೆ ಬಟ್ಟೆ, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ. ಹಿಂದಿನ ಟೇಪ್, ಹಾರ್ಡ್‌ಬೋರ್ಡ್ ಬಿಡಿಸಲು ಬರುವಂತಿದ್ದರೆ ಅಷ್ಟನ್ನೇ ಬಿಡಿಸಿ, ಗಾಜನ್ನು ಹಾಗೇ ಬಿಟ್ಟು, ಒಣ ಕೋಣೆಯಲ್ಲಿ ನೆರಳಿಗೆ ಮಲಗಿಸಿಡಿ. ಆಮೇಲೆ ಗಾಜಿನ ಸಮೇತ ಕಲಾಕೃತಿ ಸಂರಕ್ಷಣೆ ಕಲಿತವರಿಗೆ ತೋರಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.